ಲವಣದ ಅಡ್ಡಹೆಸರು ಮತ್ತು ಆಚಾರ್ಯ ರಾಯರು

ಕಲಾ ಮಹಾವಿದ್ಯಾಲಯದ ವಾರ್ಷಿಕ ಸಂಚಿಕೆಯಲ್ಲಿ ರಸಾಯನಶಾಸ್ತ್ರಜ್ಞರೊಬ್ಬರ ಜೀವನಚರಿತ್ರೆಗೆ ಏನು ಕೆಲಸ ಎಂದು ನನ್ನ ಸಹಪಾಠಿಗಳು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಮೊದಲು ನನ್ನದೇ ಒಂದು ಸೋಲಿನ ಸಂಗತಿಯನ್ನು ಹೇಳಿಬಿಡುತ್ತೇನೆ.

ನಾನು ನವಲಗುಂದ ತಾಲೂಕಿನ ಒಕ್ಕಲು ಮನೆತನದ ಹುಡುಗ. ಪಿ.ಯು.ಸಿ.ಗೆ ಬಂದಾಗ ಹಿರಿಯರ ಮಾತಿನಂತೆ ವಿಜ್ಞಾನ ಶಾಖೆಯನ್ನು ಸೇರಿದ್ದೆ. ಎರಡನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ದಿನ ಒಂದು ಚಿಟಿಕೆ ಬಿಳಿಯ ಪುಡಿಯನ್ನು ಕೈಗಿತ್ತು, ಇದು ಯಾವ ಲವಣವೆಂದು ಕಂಡುಹಿಡಿಯಲು ಹೇಳಿದರು. ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡಿನ ದ್ರಾವಣ ಹಾಕಿ ಕಾಯಿಸಿದೊಡನೆ ಮೂಗಿಗೆ ಅಡರುವ ಅಮೋನಿಯಾದ ವಾಸನೆ ಬಂದಿತು. ಗೆದ್ದೆನೆಂದುಕೊಂಡೆ! ಹಿಂದಿನ ವರ್ಷದ ಹುಡುಗರು ಬರೆದುಕೊಟ್ಟಿದ್ದ ಪಟ್ಟಿಯಲ್ಲಿ ಬಿಳಿಯ ಪುಡಿ, ಅಮೋನಿಯಾದ ವಾಸನೆ ಎಂಬ ಲಕ್ಷಣಗಳ ಮುಂದೆ ಅಮೋನಿಯಂ ಕ್ಲೋರೈಡ್ ಎಂದಿತ್ತು. ಮುಂದಿನ ಪರೀಕ್ಷೆಗಳನ್ನು ನಾನು ಮಾಡಲೇ ಇಲ್ಲ. ಆದರೆ ಮಾಡಿದೆನೆಂದು ಬರೆದೆ. ಉತ್ತರ ತಪ್ಪಾಗಿತ್ತು. ನನಗೆ ಕೊಟ್ಟದ್ದು ಅಮೋನಿಯಂ ಸಲ್ಫೇಟ್. ನಮ್ಮ ಹೊಲಕ್ಕೆ ನಾನೇ ಎಷ್ಟೋ ಸಲ ಕೈಯಾರೆ ಚೆಲ್ಲಿದ್ದ ಗೊಬ್ಬರ. ಬೇರಿಯಂ ಕ್ಲೋರೈಡಿನ ನಾಲ್ಕು ಹನಿ ಹಾಕಿದ್ದರೆ ಬಿಳಿಯ ಗಸಿ ಕಟ್ಟಿ ಅದು ತಾನಾಗಿಯೇ ತನ್ನ ಗುರುತು ಹೇಳುತ್ತಿತ್ತು. ಪರೀಕ್ಷಕರು ಬೈಯಲಿಲ್ಲ. ನಾನು ಬರೆದದ್ದರ ಮೇಲೆ ಕೆಂಪು ಗೆರೆ ಎಳೆದು ಮುಂದಿನ ಮೇಜಿಗೆ ಹೋದರು. ಹೇಗೋ ಪಾಸಾದೆ. ಆದರೆ ರಸಾಯನಶಾಸ್ತ್ರಕ್ಕೆ ಕೈಮುಗಿದು, ಇತಿಹಾಸ ವಿಷಯವನ್ನು ಆರಿಸಿಕೊಂಡು ಬಿ.ಎ. ತರಗತಿಗೆ ಬಂದು ಕುಳಿತೆ.

ಇಲ್ಲಿ ವಾಚಕರ ಅನುಕೂಲಕ್ಕಾಗಿ ಲವಣದ ಬಗ್ಗೆ ಎರಡು ಮಾತು ಹೇಳಬೇಕು. ಆಮ್ಲವೂ ಪ್ರತ್ಯಾಮ್ಲವೂ ಕೂಡಿದರೆ ಎರಡರ ತೀಕ್ಷ್ಣತೆಯೂ ಅಡಗುತ್ತದೆ. ಇದಕ್ಕೆ ತಟಸ್ಥೀಕರಣವೆಂದು ಹೆಸರು. ಆಮ್ಲದೊಳಗಿನ ಜಲಜನಕವು ಪ್ರತ್ಯಾಮ್ಲದೊಳಗಿನ ಹೈಡ್ರಾಕ್ಸಿಲಿನೊಡನೆ ಸೇರಿ ನೀರಾಗುತ್ತದೆ. ಪ್ರತ್ಯಾಮ್ಲದಲ್ಲಿ ಉಳಿದ ಲೋಹ ಮತ್ತು ಆಮ್ಲದಲ್ಲಿ ಉಳಿದ ಭಾಗ ಇವೆರಡೂ ಕೂಡಿ ಲವಣವಾಗುತ್ತದೆ. ನಮ್ಮ ಕಡೆ ಹೆಸರು ಬರೆಯುವಾಗ ಮೊದಲು ತನ್ನ ಹೆಸರು, ಕೊನೆಗೆ ಅಡ್ಡಹೆಸರು ಬರೆಯುವುದಿಲ್ಲವೆ? ಲವಣದ್ದೂ ಹಾಗೆಯೇ. ಅದರ ಮೊದಲ ಹೆಸರು ಪ್ರತ್ಯಾಮ್ಲದಿಂದ ಬಂದದ್ದು, ಅಡ್ಡಹೆಸರು ಆಮ್ಲದ ಮನೆತನದಿಂದ ಬಂದದ್ದು. ಹೈಡ್ರೋಕ್ಲೋರಿಕ್ ಆಮ್ಲದ ಮನೆತನಕ್ಕೆ ಕ್ಲೋರೈಡ್ ಎಂದೂ, ಗಂಧಕಾಮ್ಲದ ಮನೆತನಕ್ಕೆ ಸಲ್ಫೇಟ್ ಎಂದೂ, ನೈಟ್ರಿಕ್ ಆಮ್ಲದ ಮನೆತನಕ್ಕೆ ನೈಟ್ರೇಟ್ ಎಂದೂ ಅಡ್ಡಹೆಸರು. ಸೋಡಿಯಂ ಹೈಡ್ರಾಕ್ಸೈಡ್ ಹೈಡ್ರೋಕ್ಲೋರಿಕ್ ಆಮ್ಲದೊಡನೆ ಕೂಡಿದರೆ ಸೋಡಿಯಂ ಕ್ಲೋರೈಡ್, ಎಂದರೆ ನಮ್ಮ ಅಡಿಗೆಯ ಉಪ್ಪು. ಗಂಧಕಾಮ್ಲದೊಡನೆ ಕೂಡಿದರೆ ಸೋಡಿಯಂ ಸಲ್ಫೇಟ್.

ಇಷ್ಟೇ ಆಗಿದ್ದರೆ ಕೆಲಸ ಸುಲಭವಿತ್ತು. ಪ್ರಮಾಣದ ಮಾತೂ ಇದರಲ್ಲಿ ಬರುತ್ತದೆ. ಗಂಧಕಾಮ್ಲದಲ್ಲಿ ಬಿಟ್ಟುಕೊಡಬಲ್ಲ ಜಲಜನಕ ಎರಡು. ೯೮ ಗ್ರಾಂ ಗಂಧಕಾಮ್ಲಕ್ಕೆ ೮೦ ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್ ಕೂಡಿಸಿದರೆ ೧೪೨ ಗ್ರಾಂ ಸೋಡಿಯಂ ಸಲ್ಫೇಟೂ ೩೬ ಗ್ರಾಂ ನೀರೂ ಆಗುತ್ತವೆ. ಅದೇ ಆಮ್ಲಕ್ಕೆ ೪೦ ಗ್ರಾಂ ಮಾತ್ರ ಹಾಕಿದರೆ ಒಂದು ಜಲಜನಕ ಉಳಿದುಕೊಂಡು ಸೋಡಿಯಂ ಹೈಡ್ರೋಜನ್ ಸಲ್ಫೇಟ್ ಎಂಬ ಬೇರೆಯೇ ಲವಣ ಆಗುತ್ತದೆ. ಫಾಸ್ಫಾರಿಕ್ ಆಮ್ಲದಲ್ಲಿಯಂತೂ ಮೂರು ಜಲಜನಕಗಳಿರುವುದರಿಂದ ಸೋಡಿಯಂ ಒಂದರಿಂದಲೇ ಮೂರು ಲವಣಗಳು ಹುಟ್ಟಬಲ್ಲವು. ಆದುದರಿಂದ ಯಾವ ಪ್ರತ್ಯಾಮ್ಲ, ಯಾವ ಆಮ್ಲ, ಎಷ್ಟಕ್ಕೆ ಎಷ್ಟು ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಲವಣದ ಹೆಸರು ಹೇಳಬಾರದು. ನಾನು ಒಂದನ್ನು ಮಾತ್ರ ಕೇಳಿ, ಉಳಿದುದನ್ನು ಊಹಿಸಿದ್ದೆ.

ಇನ್ನು ಕಥಾನಾಯಕರ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ಪ್ರಾಚೀನ ಭಾರತದ ವಿಜ್ಞಾನವನ್ನು ಕುರಿತು ಒಂದು ಪ್ರಬಂಧ ಬರೆಯಬೇಕಾಗಿ ಬಂದು ಗ್ರಂಥಾಲಯದಲ್ಲಿ ಹುಡುಕುತ್ತಿದ್ದಾಗ, ಹಿಂದೂ ರಸಾಯನಶಾಸ್ತ್ರದ ಇತಿಹಾಸ ಬರೆದವರು ಆಚಾರ್ಯ ಪ್ರಫುಲ್ಲಚಂದ್ರ ರಾಯರು ಎಂದು ತಿಳಿಯಿತು. ರಸಾಯನಶಾಸ್ತ್ರದಿಂದ ಓಡಿಬಂದವನಿಗೆ ಇತಿಹಾಸದ ಕಪಾಟಿನಲ್ಲಿಯೂ ರಸಾಯನಶಾಸ್ತ್ರಜ್ಞರೇ ಎದುರಾದರಲ್ಲ ಎಂದು ನಗು ಬಂದಿತು. ಆಮೇಲೆ ಅವರ ಆತ್ಮಕಥೆಯನ್ನೂ ಓದಿದೆ. ಓದಿದ ಮೇಲೆ ಆ ಕೆಂಪು ಗೆರೆಯ ಅರ್ಥ ನನಗೆ ತಿಳಿಯಿತು.

ರಾಯರು ಹುಟ್ಟಿದ್ದು ೧೮೬೧ನೆಯ ಇಸವಿ ಆಗಸ್ಟ್ ೨ರಂದು, ಈಗ ಬಾಂಗ್ಲಾದೇಶದಲ್ಲಿರುವ ರಾರುಲಿ ಎಂಬ ಹಳ್ಳಿಯಲ್ಲಿ. ತಂದೆ ಹರಿಶ್ಚಂದ್ರ ರಾಯರು ಜಮೀನುದಾರರು, ವಿದ್ಯಾಪ್ರಿಯರು. ಮನೆಯಲ್ಲಿಯೇ ಒಳ್ಳೆಯ ಪುಸ್ತಕಸಂಗ್ರಹವಿತ್ತು. ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕುಟುಂಬ ೧೮೭೦ರಲ್ಲಿ ಕಲಕತ್ತೆಗೆ ಬಂದಿತು. ಬಾಲಕ ಪ್ರಫುಲ್ಲಚಂದ್ರ ಹೇರ್ ಶಾಲೆಗೆ ಸೇರಿದ. ಆದರೆ ಕೆಲವೇ ವರ್ಷಗಳಲ್ಲಿ ರಕ್ತಭೇದಿಯ ಕಾಯಿಲೆ ಹಿಡಿದು ಶಾಲೆ ಬಿಡಬೇಕಾಯಿತು. ಆ ಕಾಯಿಲೆ ಅವರ ಜೀರ್ಣಶಕ್ತಿಯನ್ನೂ ನಿದ್ರೆಯನ್ನೂ ಬಾಳಿನುದ್ದಕ್ಕೂ ಕೆಡಿಸಿಬಿಟ್ಟಿತು. ಹಾಸಿಗೆ ಹಿಡಿದ ಆ ದಿನಗಳಲ್ಲಿ ಹುಡುಗ ತಂದೆಯ ಪುಸ್ತಕಗಳನ್ನೆಲ್ಲ ಓದಿದ. ಇತಿಹಾಸ, ಜೀವನಚರಿತ್ರೆ, ಇಂಗ್ಲಿಷ್ ಸಾಹಿತ್ಯ ಅವನಿಗೆ ಬಲು ಪ್ರಿಯವಾದವು. ಲ್ಯಾಟಿನ್ ಭಾಷೆಯನ್ನೂ ಕಲಿಯತೊಡಗಿದ. ತಾವು ರಸಾಯನಶಾಸ್ತ್ರಜ್ಞರಾದದ್ದು ತಪ್ಪಿನಿಂದ ಎಂದು ರಾಯರು ಮುಂದೆ ವಿನೋದವಾಗಿ ಹೇಳಿಕೊಳ್ಳುತ್ತಿದ್ದುದುಂಟು. ಕಲಾ ವಿದ್ಯಾರ್ಥಿಗಳಾದ ನಮಗೆ ಅವರು ಪರಕೀಯರಲ್ಲ.

ಈಶ್ವರಚಂದ್ರ ವಿದ್ಯಾಸಾಗರರ ಮೆಟ್ರೊಪಾಲಿಟನ್ ಸಂಸ್ಥೆಯಲ್ಲಿ ಓದುತ್ತಿದ್ದಾಗ ವಿಜ್ಞಾನದ ಉಪನ್ಯಾಸ ಕೇಳಲು ಪ್ರೆಸಿಡೆನ್ಸಿ ಕಾಲೇಜಿಗೆ ಹೋಗುತ್ತಿದ್ದರು. ಅಲ್ಲಿ ಅಲೆಕ್ಸಾಂಡರ್ ಪೆಡ್ಲರ್ ಎಂಬ ಪ್ರಾಧ್ಯಾಪಕರು ಮಾಡಿ ತೋರಿಸುತ್ತಿದ್ದ ಪ್ರಯೋಗಗಳು ಹುಡುಗನ ಮನಸ್ಸನ್ನು ಸೆಳೆದುಬಿಟ್ಟವು. ೧೮೮೨ರಲ್ಲಿ ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಗಳಿಸಿ ಸ್ಕಾಟ್ಲಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಕ್ರಮ್ ಬ್ರೌನ್ ಎಂಬ ಪ್ರಸಿದ್ಧ ಪ್ರಾಧ್ಯಾಪಕರು ಗುರುಗಳಾಗಿ ದೊರೆತರು. ೧೮೮೭ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ಪ್ರಬಂಧದ ವಿಷಯ ಯಾವುದು ಗೊತ್ತೆ? ಲವಣಗಳೇ. ಗಂಧಕಾಮ್ಲದ ಒಂದೇ ಮನೆತನಕ್ಕೆ ಸೇರಿದ ಬೇರೆ ಬೇರೆ ಲೋಹಗಳ ಲವಣಗಳು ಒಂದೇ ಹರಳಿನಲ್ಲಿ ಹೇಗೆ ಕೂಡಿಕೊಂಡಿರುತ್ತವೆ ಎಂಬುದನ್ನು ತಾಮ್ರ ಮತ್ತು ಮೆಗ್ನೀಸಿಯಂ ಗುಂಪಿನ ಸಲ್ಫೇಟುಗಳಲ್ಲಿ ಅವರು ಶೋಧಿಸಿದ್ದರು.

೧೮೮೮ರಲ್ಲಿ ಸ್ವದೇಶಕ್ಕೆ ಮರಳಿದರೆ ಕೆಲಸವಿಲ್ಲ! ವಿದ್ಯಾಖಾತೆಯ ಮೇಲ್ದರ್ಜೆಯ ಸ್ಥಾನಗಳೆಲ್ಲ ಹೆಚ್ಚಾಗಿ ಇಂಗ್ಲಿಷರಿಗೇ ಮೀಸಲಾಗಿದ್ದ ಕಾಲ ಅದು. ಗೆಳೆಯ ಜಗದೀಶಚಂದ್ರ ಬೋಸರ ಮನೆಯಲ್ಲಿ ಇದ್ದುಕೊಂಡು ಸುಮಾರು ಒಂದು ವರ್ಷ ಕಳೆದರು. ೧೮೮೯ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ ೨೫೦ ರೂಪಾಯಿಯ ತಾತ್ಪೂರ್ತಿಕ ಸಹಾಯಕ ಪ್ರಾಧ್ಯಾಪಕತ್ವ ದೊರೆಯಿತು. ಆ ಸಂಬಳದಲ್ಲಿಯೇ ಉಳಿಸಿ ೧೮೯೨ರಲ್ಲಿ ತಮ್ಮ ಬಾಡಿಗೆಯ ಮನೆಯಲ್ಲಿ ಔಷಧ ತಯಾರಿಸುವ ಉದ್ಯೋಗವನ್ನು ಆರಂಭಿಸಿದರು. ಬಂಗಾಲದ ಪದವೀಧರ ತರುಣರು ಗುಮಾಸ್ತಿಕೆಗಾಗಿ ಬಾಗಿಲು ಬಾಗಿಲಿಗೆ ಅಲೆಯುವುದನ್ನು ಅವರಿಂದ ನೋಡಲಾಗಲಿಲ್ಲ. ಅದೇ ಮುಂದೆ ಬೆಂಗಾಲ್ ಕೆಮಿಕಲ್ ಎಂದು ಹೆಸರಾಯಿತು.

ಆ ಕಾರ್ಖಾನೆಯ ಮೊದಲ ದಿನಗಳ ಒಂದು ಸಂಗತಿ ನನಗೆ ಮರೆಯಲಾಗದು. ಔಷಧಕ್ಕೆ ಬೇಕಾದ ಸೋಡಾ ಫಾಸ್ಫೇಟನ್ನು ಇಲ್ಲಿಯೇ ಮಾಡಬೇಕೆಂದು ರಾಯರು ಹೊರಟರು. ಫಾಸ್ಫೇಟು ದನದ ಎಲುಬಿನಲ್ಲಿದೆ. ಕಸಾಯಿಯವರಿಂದ ಎಲುಬುಗಳನ್ನು ತರಿಸಿ ಮಾಳಿಗೆಯ ಮೇಲೆ ಒಣಗಲು ಹಾಕಿಸಿದರು. ಅಕಾಲದ ಮಳೆ ಬಂದು, ಎಲುಬಿಗೆ ಅಂಟಿದ್ದ ಮಾಂಸ ಕೊಳೆತು, ಹುಳು ಬಿದ್ದು, ಕಾಗೆಗಳು ಮುತ್ತಿ, ಓಣಿಯೆಲ್ಲ ದುರ್ನಾತ. ನೆರೆಹೊರೆಯವರು ಕೆರಳಿ ನಿಂತರು. ಎಲುಬುಗಳನ್ನು ಊರ ಹೊರಗೆ ಸಾಗಿಸಿ ರಾತ್ರಿ ಸುಡಿಸುತ್ತಿದ್ದಾಗ, ಕೊಲೆ ಮಾಡಿ ಹೆಣ ಸುಡುತ್ತಿರುವರೋ ಎಂದು ಪೋಲೀಸರು ಬಂದರಂತೆ! ಕೊನೆಗೆ ಎಲುಬು ಬೂದಿಯಾಯಿತು. ಬೂದಿಗೆ ಗಂಧಕಾಮ್ಲ ಹಾಕಿದರು. ಎಲುಬಿನ ಬೂದಿ ಎಂದರೆ ಕ್ಯಾಲ್ಸಿಯಂ ಫಾಸ್ಫೇಟ್, ನೀರಿನಲ್ಲಿ ಕರಗದ ವಸ್ತು. ಗಂಧಕಾಮ್ಲವು ಅದರ ಕ್ಯಾಲ್ಸಿಯಮ್ಮಿನಲ್ಲಿ ಬಹುಭಾಗವನ್ನು ತನ್ನ ಮನೆತನಕ್ಕೆ ಎಳೆದುಕೊಂಡು ಕ್ಯಾಲ್ಸಿಯಂ ಸಲ್ಫೇಟಾಗಿ ಗಸಿ ಕಟ್ಟುತ್ತದೆ. ಉಳಿದದ್ದು ನೀರಿನಲ್ಲಿ ಕರಗುವ ಫಾಸ್ಫೇಟ್. ಇದಕ್ಕೆ ಸೂಪರ್ ಫಾಸ್ಫೇಟ್ ಎನ್ನುತ್ತಾರೆ. ಅದಕ್ಕೆ ಸೋಡಾ ಕಾರ್ಬೊನೇಟ್ ಕೂಡಿಸಿದರೆ ಬೇಕಾದ ಸೋಡಾ ಫಾಸ್ಫೇಟ್ ದೊರೆಯುತ್ತದೆ. ಇದನ್ನು ಓದುತ್ತಿದ್ದಾಗ ನಮ್ಮ ತಂದೆಯವರು ಬಿತ್ತನೆಗೆ ಮುಂಚೆ ಚಕ್ಕಡಿಯಲ್ಲಿ ಹೇರಿಕೊಂಡು ಬರುವ ಸೂಪರ್ ಗೊಬ್ಬರದ ಚೀಲಗಳು ನನ್ನ ಕಣ್ಣಮುಂದೆ ಬಂದವು. ಈಗ ಎಲುಬಿನ ಬದಲು ಫಾಸ್ಫೇಟ್ ಶಿಲೆಯನ್ನು ಬಳಸುತ್ತಾರೆ. ಕ್ರಿಯೆ ಮಾತ್ರ ಅದೇ. ನಮ್ಮ ಮನೆಯ ಪಡಸಾಲೆಯಲ್ಲಿಯೇ ಇದ್ದ ರಸಾಯನಶಾಸ್ತ್ರವನ್ನು ನಾನು ಪಟ್ಟಿಯಲ್ಲಿ ಹುಡುಕಿದ್ದೆ!

೧೯೦೧ರಲ್ಲಿ ಆ ಉದ್ಯೋಗ ಲಿಮಿಟೆಡ್ ಕಂಪನಿಯಾಯಿತು. ಬಹುಕಾಲದ ಮೇಲೆ ಭಾರತ ಸರ್ಕಾರದ ಒಡೆತನಕ್ಕೆ ಬಂದಿತು. ಅದರ ಲಾಭದಿಂದ ರಾಯರು ಸಿರಿವಂತರಾಗಬಹುದಾಗಿತ್ತು. ಅವರು ಆಗಲಿಲ್ಲ, ಆಗಬೇಕೆಂದು ಬಯಸಲೂ ಇಲ್ಲ.

ರಾಯರಿಗೆ ಕೀರ್ತಿ ತಂದ ಶೋಧ ನಡೆದದ್ದು ೧೮೯೫-೯೬ರಲ್ಲಿ. ಕ್ಯಾಲೊಮೆಲ್ ಎಂಬ ಪಾದರಸದ ಲವಣ ಆಗ ಔಷಧವಾಗಿ ಬಳಕೆಯಲ್ಲಿತ್ತು. ಅದರ ತಯಾರಿಕೆಗಾಗಿ ಮೊದಲು ಮರ್ಕ್ಯುರಸ್ ನೈಟ್ರೇಟ್ ಬೇಕು. ಅದಕ್ಕಾಗಿ ಅವರು ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಪಾದರಸದ ಮೇಲೆ ಹಾಕಿ ತಣ್ಣಗೆ ಇಟ್ಟಿದ್ದರು. ಬಣ್ಣವಿಲ್ಲದ ಹರಳುಗಳು ಬರಬೇಕು. ಪಾತ್ರೆಯಲ್ಲಿ ಹಳದಿಯ ಹರಳುಗಳು ಕಂಡವು.

ಲೋಹದ ಮೇಲೆ ಆಮ್ಲ ಹಾಕುವುದು ತಟಸ್ಥೀಕರಣವಲ್ಲ ಎಂದು ನಮ್ಮ ವಿಜ್ಞಾನದ ಗೆಳೆಯರು ಆಕ್ಷೇಪಿಸಬಹುದು; ಒಪ್ಪಿದೆ. ಆದರೆ ಹುಟ್ಟಿದ ಲವಣ ಯಾವುದು ಎಂಬ ಪ್ರಶ್ನೆ ಎರಡೂ ಕಡೆಗೆ ಒಂದೇ. ಆ ಹಳದಿ ಹರಳು ಪ್ರತ್ಯಾಮ್ಲೀಯ ಲವಣವಿರಬೇಕೆಂದು, ಎಂದರೆ ಆಮ್ಲ ಸಾಲದೆ ಅರೆತಟಸ್ಥವಾಗಿ ಉಳಿದದ್ದೆಂದು ಮೊದಲ ನೋಟಕ್ಕೆ ತೋರಿತು. ಬೇರೆಯವರಾಗಿದ್ದರೆ ಹಾಗೆಂದೇ ಚೀಟಿ ಅಂಟಿಸಿ ಕಪಾಟಿನಲ್ಲಿ ಇಡುತ್ತಿದ್ದರೇನೋ. ರಾಯರು ನಿಂತು ಯೋಚಿಸಿದರು. ಪಾತ್ರೆಯ ತುಂಬ ಆಮ್ಲವಿದೆ. ಇಷ್ಟು ಆಮ್ಲದ ನಡುವೆ ಆಮ್ಲ ಸಾಲದ ಲವಣ ಹುಟ್ಟುವುದು ಹೇಗೆ? ಈ ಒಂದು ಸಂಶಯವೇ ಶೋಧದ ಬೀಜ. ಹರಳುಗಳನ್ನು ಪರೀಕ್ಷಿಸಿದರು. ಪಾದರಸದ ಗುರುತು ಸರಿಯಾಗಿಯೇ ಇತ್ತು. ಆದರೆ ಅಡ್ಡಹೆಸರು ನೈಟ್ರೇಟ್ ಅಲ್ಲ, ನೈಟ್ರೈಟ್! ಹಾಕಿದ್ದು ನೈಟ್ರಿಕ್ ಆಮ್ಲ. ಲವಣ ಮಾತ್ರ ನೈಟ್ರಸ್ ಆಮ್ಲದ ಮನೆತನದ್ದು. ಪಾದರಸವನ್ನು ಕರಗಿಸುವಾಗ ನೈಟ್ರಿಕ್ ಆಮ್ಲದ ಒಂದು ಪಾಲು ತನ್ನ ಆಮ್ಲಜನಕವನ್ನು ಕಳೆದುಕೊಂಡು ನೈಟ್ರಸ್ ಆಮ್ಲವಾಗಿತ್ತು. ಅದು ಪಾದರಸದೊಡನೆ ಕೂಡಿತ್ತು. ಈ ನೈಟ್ರೈಟುಗಳು ಸ್ಥಿರವಾಗಿ ನಿಲ್ಲದ ಚಂಚಲ ವಸ್ತುಗಳೆಂದು ಸಾಮಾನ್ಯವಾಗಿ ಎಲ್ಲರೂ ನಂಬಿದ್ದ ಕಾಲದಲ್ಲಿ, ಹರಳಾಗಿ ನಿಂತ ಮರ್ಕ್ಯುರಸ್ ನೈಟ್ರೈಟ್ ಕಲಕತ್ತೆಯ ಪ್ರಯೋಗಶಾಲೆಯಲ್ಲಿ ದೊರೆಯಿತು. ೧೮೯೬ರಲ್ಲಿ ಬಂಗಾಲದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಆ ಲೇಖನ ಪ್ರಕಟವಾಯಿತು.

ಈ ಪುಟಗಳನ್ನು ನಾನು ಎರಡು ಸಲ ಓದಿದೆ. ಅವರ ಮುಂದೆಯೂ ಒಂದು ಲವಣವಿತ್ತು, ನನ್ನ ಮುಂದೆಯೂ ಒಂದು ಲವಣವಿತ್ತು. ಇಬ್ಬರಿಗೂ ಲವಣದ ಮೊದಲ ಹೆಸರು ಗೊತ್ತಿತ್ತು, ಅಡ್ಡಹೆಸರು ಗೊತ್ತಿರಲಿಲ್ಲ. ಇಬ್ಬರ ಬಳಿಯೂ ಸಿದ್ಧ ಉತ್ತರವೊಂದಿತ್ತು. ಅವರು ಸಿದ್ಧ ಉತ್ತರವನ್ನು ಬದಿಗಿಟ್ಟು ಹರಳನ್ನು ಕೇಳಿದರು. ನಾನು ಪುಡಿಯನ್ನು ಬದಿಗಿಟ್ಟು ಸಿದ್ಧ ಉತ್ತರವನ್ನು ಬರೆದೆ.

ಮುಂದೆ ಅನೇಕ ವರ್ಷ ರಾಯರು ಮತ್ತು ಅವರ ಶಿಷ್ಯರು ನೈಟ್ರೈಟುಗಳ ಬೆನ್ನು ಹತ್ತಿದರು. ಅಮೋನಿಯಂ ನೈಟ್ರೈಟ್ ಕಾಯಿಸಿದರೆ ಸಾಕು, ಒಡೆದುಹೋಗಿ ಸಾರಜನಕವೂ ನೀರೂ ಆಗುವ ಲವಣ. ಅದನ್ನು ಶುದ್ಧವಾಗಿ ತಯಾರಿಸಿ, ಎಚ್ಚರದಿಂದ ಆವಿಯಾಗಿಸಿ, ಆ ಆವಿಯ ಸಾಂದ್ರತೆಯನ್ನು ಅಳೆದು ೧೯೧೨ರಲ್ಲಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಮುಂದೆ ಮಂಡಿಸಿದಾಗ ರ‍್ಯಾಮ್ಸೆಯಂತಹ ವಿದ್ವಾಂಸರು ಮೆಚ್ಚಿಕೊಂಡರು.

ಈ ನಡುವೆ ೧೯೦೨ರಲ್ಲಿ ಹಿಂದೂ ರಸಾಯನಶಾಸ್ತ್ರದ ಇತಿಹಾಸದ ಮೊದಲ ಸಂಪುಟವೂ ೧೯೦೯ರಲ್ಲಿ ಎರಡನೆಯ ಸಂಪುಟವೂ ಹೊರಬಂದವು. ಫ್ರೆಂಚ್ ರಸಾಯನಶಾಸ್ತ್ರಜ್ಞ ಬರ್ಥಲೋ ಅವರೊಡನೆ ನಡೆದ ಪತ್ರವ್ಯವಹಾರ ಇದಕ್ಕೆ ಪ್ರೇರಣೆಯಾಯಿತು. ಹಳೆಯ ತಾಳೆಗರಿ, ಕೈಬರಹಗಳನ್ನು ಸೋಸಿ ಬರೆದ ಗ್ರಂಥವದು. ಅದರಲ್ಲಿ ಸುಶ್ರುತಸಂಹಿತೆಯ ಕ್ಷಾರಪಾಕದ ಪ್ರಕರಣವನ್ನು ರಾಯರು ಎತ್ತಿ ತೋರಿಸಿದ್ದಾರೆ. ಗಿಡಗಳನ್ನು ಸುಟ್ಟ ಬೂದಿಯನ್ನು ನೀರಿನಲ್ಲಿ ಕುದಿಸಿ ಸೋಸಿ, ಅದಕ್ಕೆ ಸುಟ್ಟ ಸುಣ್ಣದ ವಸ್ತುಗಳನ್ನು ಕೂಡಿಸಿ, ತೀಕ್ಷ್ಣಕ್ಷಾರ ಮಾಡಿ ಕಬ್ಬಿಣದ ಪಾತ್ರೆಯಲ್ಲಿ ಬಾಯಿ ಮುಚ್ಚಿ ಇಡಬೇಕೆಂದು ಅಲ್ಲಿದೆ. ಕ್ಷಾರದಿಂದ ಸುಟ್ಟ ಗಾಯಕ್ಕೆ ಹುಳಿಯನ್ನು ಹಚ್ಚಿದರೆ ಉರಿ ಶಮನವಾಗುವುದೆಂದೂ, ಹುಳಿ ಕೂಡಿದೊಡನೆ ಕ್ಷಾರ ತನ್ನ ತೀಕ್ಷ್ಣತೆಯನ್ನು ಬಿಟ್ಟು ಸೌಮ್ಯವಾಗುವುದೆಂದೂ ಅಲ್ಲಿ ಹೇಳಿದೆ. ನಾವು ತರಗತಿಯಲ್ಲಿ ಉರುಹಚ್ಚಿದ ತಟಸ್ಥೀಕರಣ ಇದೇ ಅಲ್ಲವೆ? ಹಾಗೆಂದು ರಾಯರು ಪೂರ್ವಜರನ್ನು ಬರಿದೆ ಹೊಗಳಿ ಕೂಡಲಿಲ್ಲ. ಕೈಯಿಂದ ಕೆಲಸ ಮಾಡುವವರನ್ನು ಕೀಳೆಂದು ದೂರವಿಟ್ಟ ಜಾತಿಪದ್ಧತಿಯಿಂದಲೇ ಭಾರತದಲ್ಲಿ ಪ್ರಯೋಗವಿಜ್ಞಾನ ಬಾಡಿತೆಂದು ಅದೇ ಗ್ರಂಥದಲ್ಲಿ ನಿಷ್ಠುರವಾಗಿ ಬರೆದರು. ಅಭಿಮಾನವಿದ್ದರೂ ಪರೀಕ್ಷೆಯನ್ನು ಬಿಡಲಿಲ್ಲ.

೧೯೧೬ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾಗಿ ಕಲಕತ್ತಾ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜನ್ನು ಸೇರಿದರು. ಅರವತ್ತು ತುಂಬಿದ ಮೇಲೆ ತಮ್ಮ ಸಂಬಳವನ್ನೆಲ್ಲ ವಿಶ್ವವಿದ್ಯಾಲಯಕ್ಕೇ ಬಿಟ್ಟುಕೊಟ್ಟರು. ಅವಿವಾಹಿತರಾಗಿದ್ದ ಅವರು ಕಾಲೇಜಿನ ಕಟ್ಟಡದ ಒಂದು ಕೋಣೆಯಲ್ಲಿಯೇ ವಾಸಿಸಿದರು, ಖಾದಿ ಉಟ್ಟರು, ಬಡ ವಿದ್ಯಾರ್ಥಿಗಳನ್ನು ಜೊತೆಯಲ್ಲಿಟ್ಟುಕೊಂಡರು. ೧೯೨೨ರಲ್ಲಿ ಉತ್ತರ ಬಂಗಾಲದಲ್ಲಿ ಪ್ರವಾಹ ಬಂದಾಗ ಪ್ರಯೋಗಶಾಲೆ ಬಿಟ್ಟು ಪರಿಹಾರದ ಕೆಲಸಕ್ಕೆ ನಿಂತರು. ೧೯೨೪ರಲ್ಲಿ ಸ್ಥಾಪನೆಯಾದ ಇಂಡಿಯನ್ ಕೆಮಿಕಲ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ೧೯೪೪ರ ಜೂನ್ ೧೬ರಂದು, ೮೨ನೆಯ ವಯಸ್ಸಿನಲ್ಲಿ, ಕಲಕತ್ತೆಯಲ್ಲಿ ತೀರಿಕೊಂಡರು.

ಬಂಗಾಲದ ಈ ಆಚಾರ್ಯರಿಗೂ ನಮ್ಮ ನಾಡಿಗೂ ಸಂಬಂಧವಿಲ್ಲವೆಂದು ತಿಳಿಯಬಾರದು. ಅವರ ಶಿಷ್ಯರಲ್ಲಿ ಅಗ್ರಗಣ್ಯರಾದ ಜ್ಞಾನಚಂದ್ರ ಘೋಷರು ೧೯೩೯ರಿಂದ ೧೯೪೮ರ ವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. ಲವಣ ನೀರಿನಲ್ಲಿ ಕರಗಿದಾಗ ಅದರ ಎರಡು ಭಾಗಗಳು ವಿದ್ಯುತ್ತನ್ನು ಹೊತ್ತ ಅಯಾನುಗಳಾಗಿ ಬೇರ್ಪಡುತ್ತವೆಂದು ಸ್ವೀಡನ್ನಿನ ಅರೇನಿಯಸ್ ೧೮೮೪ರಲ್ಲಿ ಪ್ರತಿಪಾದಿಸತೊಡಗಿದ್ದ. ಪ್ರಬಲ ಲವಣಗಳ ವಿಷಯದಲ್ಲಿ ಆ ಲೆಕ್ಕ ಸರಿಹೊಂದದಿದ್ದಾಗ, ೧೯೧೮ರಲ್ಲಿ ತರುಣ ಘೋಷರು ಹೊಸ ವಿವರಣೆಯೊಂದನ್ನು ಕೊಟ್ಟು ಯುರೋಪಿನ ಪಂಡಿತರ ಗಮನ ಸೆಳೆದರು. ೧೯೨೩ರಲ್ಲಿ ಡೆಬೈ ಮತ್ತು ಹ್ಯುಕೆಲ್ ಅದಕ್ಕಿಂತ ಉತ್ತಮವಾದ ಸಿದ್ಧಾಂತವನ್ನು ಮಂಡಿಸಿದರು. ಘೋಷರದು ಹಿಂದೆ ಸರಿಯಿತು. ಪರೀಕ್ಷೆಗೆ ನಿಲ್ಲದ್ದು ಎಷ್ಟು ಪ್ರಿಯವಾದರೂ ಹಿಂದೆ ಸರಿಯಬೇಕು. ಶಾಸ್ತ್ರದ ಮರ್ಯಾದೆಯೇ ಅದು.

ನಾನು ಮತ್ತೆ ರಸಾಯನಶಾಸ್ತ್ರಕ್ಕೆ ಹೋಗುವವನಲ್ಲ; ಇತಿಹಾಸದಲ್ಲಿಯೇ ಇರುವವನು. ಆದರೆ ಈ ಸಲ ಸುಗ್ಗಿಯ ರಜೆಗೆ ಊರಿಗೆ ಹೋದಾಗ ಗೊಬ್ಬರದ ಚೀಲದ ಮೇಲೆ ಬರೆದುದನ್ನು ತಂದೆಯವರಿಗೆ ಓದಿ ಹೇಳಿದೆ. ಇದು ಯಾವ ಲವಣ, ಯಾವ ಆಮ್ಲದಿಂದ ಬಂದದ್ದು ಎಂದು ತಿಳಿಸಿದೆ. ಅವರು ಎಲ್ಲ ಕೇಳಿ, ಇಷ್ಟು ತಿಳಿದವನು ಪರೀಕ್ಷೆಯಲ್ಲಿ ಹೇಗೆ ತಪ್ಪಿದೆ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮಾಡದ ಪರೀಕ್ಷೆಯನ್ನು ಮಾಡಿದೆನೆಂದು ಬರೆದೆ ಎಂಬ ಮಾತನ್ನು ಅಂದು ಅವರ ಮುಂದೆ ಹೇಳಲಾಗಲಿಲ್ಲ. ಇಂದು ಗುರುಜನರ ಹಾಗೂ ಸಹಪಾಠಿಗಳ ಮುಂದೆ ಹೇಳಿದ್ದೇನೆ. ಶಾಸನದ ಕಾಲವಾಗಲಿ, ಅರಸನ ಗುಣವಾಗಲಿ, ನೆರೆಯವನ ನಡತೆಯಾಗಲಿ, ಪರೀಕ್ಷಿಸದೆ ಅಡ್ಡಹೆಸರು ಹಚ್ಚುವ ಚಟ ನಮ್ಮೆಲ್ಲರಲ್ಲಿಯೂ ಇದೆ. ಅಂತಹ ಹೊತ್ತಿನಲ್ಲಿ ಕಲಕತ್ತೆಯ ಪ್ರಯೋಗಶಾಲೆಯಲ್ಲಿ ಹಳದಿ ಹರಳುಗಳ ಮುಂದೆ ಅನುಮಾನಿಸಿ ನಿಂತ ಆ ಕೃಶಕಾಯದ ಆಚಾರ್ಯರನ್ನು ನೆನೆದರೆ ಒಳ್ಳೆಯದು. ನಾನಂತೂ ನೆನೆಯುತ್ತೇನೆ.